ಕರಬಸಪ್ಪನ ಗಿರಣಿಯ ತಾಳ

ಲೀಡ್ಸ್, 12 ಅಕ್ಟೋಬರ್ 1998

ದಾಕ್ಷಾಯಣಿ ಅತ್ತೆಗೆ ನಿವ್ವಿಯ ಶರಣು.

ತಪ್ಪು ಕನ್ನಡಕ್ಕೆ ಕೆಂಪು ಶಾಯಿ ಹಚ್ಚಿ ಪತ್ರ ವಾಪಸು ಕಳಿಸಬೇಡಿ. ಹನ್ನೊಂದನೇ ವಯಸ್ಸಿಗೆ ಧಾರವಾಡ ಬಿಟ್ಟ ಮಗಳು ಇನ್ನೂ ಕನ್ನಡದಲ್ಲಿ ಬರೆಯುತ್ತಾಳೆ ಎಂದು ಅಪ್ಪ ತಮ್ಮ ದವಾಖಾನೆಗೆ ಬರುವ ಪೇಶಂಟುಗಳಿಗೂ ಹೇಳಿಕೊಂಡು ತಿರುಗುತ್ತಾರೆ.

ಫಾರ್ಮಸಿ ಓದಲು ಲೀಡ್ಸಿಗೆ ಬಂದಿದ್ದೇನೆ. ಸ್ಟಾಕ್‌ಪೋರ್ಟಿನ ಮನೆಯಲ್ಲಿ ನನಗೊಂದು ಕೋಣೆಯಾದರೂ ಇತ್ತು. ಇಲ್ಲಿ ವಯಲಿನ್ ಪೆಟ್ಟಿಗೆ ತೆರೆದರೆ ಸಾಕು, ಪಕ್ಕದವಳು ಗೋಡೆ ಕುಟ್ಟುತ್ತಾಳೆ. ನುಡಿಸದಿದ್ದರೆ ನನಗೆ ಮೈಯೆಲ್ಲ ಇರುವೆ ಹರಿದ ಹಾಗಾಗುತ್ತದೆ. ಜಾಗ ಹುಡುಕುತ್ತ ಬಸ್ಸು ಹತ್ತಿ ಇಳಿದು ಅಲೆದೆ. ಕಡೆಗೆ ಯುಕ್ರೇನ್ ಮಂದಿಯ ಕ್ಲಬ್ಬಿನಲ್ಲಿ ಮಧ್ಯಾಹ್ನ ಖಾಲಿ ಬಿದ್ದಿರುವ ಹಾಲ್ ಸಿಕ್ಕಿತು. ಯುದ್ಧ ಮುಗಿದ ಮೇಲೆ ಊರಿಗೆ ಮರಳಲಾಗದೆ ಇಲ್ಲಿಯ ಉಣ್ಣೆ ಗಿರಣಿಗಳಿಗೆ ದುಡಿಯಲು ಬಂದವರು ಕಟ್ಟಿಕೊಂಡ ಕ್ಲಬ್ಬು ಅದು.

ಕಳೆದ ವಾರ ಅಲ್ಲಿ ನೆಲದ ಮೇಲೆ ಕೂತು ಸಾ ಎಳೆಯುತ್ತಿದ್ದೆ. ತಲೆ ಎತ್ತಿದರೆ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಅಣ್ಣ ಬೊಹ್ದಾನ್, ತಂಗಿ ಲೆಸ್ಯಾ. ಅವರ ಅಜ್ಜ ಅಂಥ ಒಂದು ಗಿರಣಿಯಲ್ಲಿ ದುಡಿದವನು. ಬೊಹ್ದಾನ್ ಅಕಾರ್ಡಿಯನ್ ನುಡಿಸುತ್ತಾನೆ, ನಮ್ಮ ಪೇಟಿಯನ್ನು ಎದೆಗೆ ಕಟ್ಟಿಕೊಂಡ ಹಾಗೆ. ಲೆಸ್ಯಾ ಡೋಲು ಬಾರಿಸುತ್ತಾಳೆ. ತಮ್ಮ ಜನಪದ ಹಾಡುಗಳಿಗೆ ಒಂದು ಮೇಳ ಕಟ್ಟಬೇಕೆಂದು ಇಬ್ಬರಿಗೂ ಹುಚ್ಚು. ಅವರ ಕಡೆ ಲೀರಾ ಎಂಬ ವಾದ್ಯವಿದೆಯಂತೆ. ಹಿಡಿಕೆ ತಿರುಗಿಸಿದರೆ ಒಳಗಿನ ಗಾಲಿ ತಂತಿಗೆ ಉಜ್ಜಿ ಒಂದೇ ಸ್ವರ ನಿಲ್ಲದೆ ಗುಂಯ್ ಎನ್ನುತ್ತದೆ. ಕುರುಡ ಹಾಡುಗಾರರು ಅದನ್ನು ಹೊತ್ತು ಊರೂರು ತಿರುಗುತ್ತಿದ್ದರಂತೆ. ಇವರಿಗೆ ಪರಿಚಯವಿದ್ದ ಯಾರ ಹತ್ತಿರವೂ ಅದು ಇಲ್ಲ. ನನ್ನ ಸಾ ಕೇಳಿ ಬೊಹ್ದಾನ್, "ದಟ್ಸ್ ಇಟ್" ಅಂದ.

ಅವರ ಮೇಳಕ್ಕೆ ಹೋಗಲೇ? ನಿಮ್ಮನ್ನು ಕೇಳದೆ ಯಾರ ಜೊತೆಗೂ ನುಡಿಸುವುದಿಲ್ಲ ಎಂದು ಧಾರವಾಡ ಬಿಡುವ ದಿನ ಮಾತು ಕೊಟ್ಟಿದ್ದೆ. ನೀವೂ ಒಂದು ಮಾತು ಕೊಟ್ಟಿದ್ದಿರಿ, ನಾನು ತಯಾರಾದ ದಿನ ಬಂದು ನನ್ನ ಜೊತೆ ಒಂದೇ ವೇದಿಕೆಯ ಮೇಲೆ ಕೂರುತ್ತೀರಿ ಅಂತ. ನಾನಂತೂ ಮರೆತಿಲ್ಲ.

ನಿವ್ವಿ


ಧಾರವಾಡ, 2 ನವೆಂಬರ್ 1998

ನಿವ್ವಿ,

ಕೆಂಪು ಶಾಯಿ ಮುಗಿದಿತ್ತು, ಬದುಕಿದೆ ನೀನು.

ಚರ್ಚಿನ ಭಜನಾ ಮೇಳವೆಂದು ಕಾಣುತ್ತದೆ. ದೇವರ ಹಾಡಿಗೆ ಬೇಡ ಅನ್ನುವವಳು ನಾನಲ್ಲ. ಡೋಲೂ ಇದೆ ಎಂದು ಬರೆದಿದ್ದೀಯ, ಇರಲಿ. ಹೋಗು. ಆದರೆ ಅವರು ಹೇಳಿದರೆಂದು ನಿಂತು ನುಡಿಸಬೇಡ. ವಯಲಿನ್ನಿನ ತಲೆ ಕಾಲ ಹರಡಿನ ಮೇಲೆ ಊರಿರಬೇಕು. ಗದ್ದದ ಕೆಳಗೆ ಒತ್ತಿ ಹಿಡಿದರೆ ಎಡಗೈ ಜಾರುವುದಾದರೂ ಹೇಗೆ, ಮೀಂಡು ಬರುವುದಾದರೂ ಹೇಗೆ. ತಂತಿಗಳನ್ನು ಸಾ-ಪ, ಸಾ-ಪ ಎಂದೇ ಕೂಡಿಸು. ಚಪ್ಪಲಿ ಹೊರಗೆ.

ಸಾ ಎಳೆಯುವುದಷ್ಟೇ ಕೆಲಸ ಎಂದು ಮೂಗು ಮುರಿಯಬೇಡ. ಶಿಷ್ಯರು ಗುರುವಿನ ಹಿಂದೆ ಕೂತೇ ಕಲಿಯುವುದು. ಮೊದಲ ವರ್ಷ ಪೂರ್ತಿ ನೀನು ನನ್ನ ಹಿಂದೆ ಕೂತು ಸಾ ಮಾತ್ರ ಎಳೆದವಳು. "ಅತ್ತಿ, ನನಗ ಬ್ಯಾಸರ ಬಂದೇತಿ" ಎಂದು ಅತ್ತು, ಮೂಗನ್ನು ನನ್ನ ಸೀರೆಗೆ ಒರೆಸುತ್ತಿದ್ದೆ ನೀನು. ಹಿಂದಿನ ಸಾ ಅಲುಗಿದರೆ ಮುಂದೆ ಕೂತವರು ಏನು ನುಡಿಸಿದರೂ ನಿಲ್ಲುವುದಿಲ್ಲ.

ಇಲ್ಲಿ ಪಾಠ ನಡೆದಿದೆ. ಈಗೀಗ ಬಾಯಲ್ಲೇ ಹಾಡಿ ಹೇಳಿಕೊಡುತ್ತೇನೆ. ನುಡಿಸಿ ತೋರಿಸಿದರೆ ಮಕ್ಕಳು ನನ್ನ ಬೆರಳು ನೋಡುತ್ತಾರೆಯೇ ವಿನಾ ಸ್ವರ ಕೇಳುವುದಿಲ್ಲ. ಪಕ್ಕದ ಕರಬಸಪ್ಪನ ಹಿಟ್ಟಿನ ಗಿರಣಿ ಮುಚ್ಚಿ ಮೂರು ವರ್ಷವಾಯಿತು, ಅಲ್ಲೀಗ ಎಸ್‌ಟಿಡಿ ಬೂತು ಬಂದಿದೆ. ಓಣಿಯೆಲ್ಲ ಶಾಂತ. ಅಷ್ಟು ಶಾಂತಿ ನನಗೆ ಒಗ್ಗುವುದಿಲ್ಲ, ಸುಮ್ಮನೆ ಒಳಗೂ ಹೊರಗೂ ಓಡಾಡುತ್ತೇನೆ.

ದಾಕ್ಷಾಯಣಿ


ಲೀಡ್ಸ್, 9 ಫೆಬ್ರವರಿ 1999

ಅತ್ತೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಬೈಯಬೇಡಿ. ಕಾಲೇಜು, ಕ್ಲಬ್ಬು, ಬಸ್ಸು, ಇಷ್ಟರಲ್ಲೇ ದಿನ ಹೋಗುತ್ತದೆ.

ಮೇಳಕ್ಕೆ ಇನ್ನೂ ಹೆಸರಿಲ್ಲ. ಗ್ಯಾರಿ ಎಂಬ ಇಲ್ಲಿಯ ಹುಡುಗ ಗಿಟಾರ್ ಹಿಡಿದು ಸೇರಿದ್ದಾನೆ. ಮೊದಲ ದಿನವೇ ಜಗಳ. ನನ್ನ ತಂತಿಗಳು ಸಾ-ಪಕ್ಕೆ ಕೂಡಿರುವುದರಿಂದ ಅವರು ಹಾಡಿಗೊಂದು ಶ್ರುತಿ ಹಿಡಿದರೆ ನನಗೆ ಆಗುವುದಿಲ್ಲ. "ವಯಲಿನ್ ತಿರುಪು" ಎಂದು ಬೊಹ್ದಾನ್, "ನಿನ್ನ ಹಾಡು ತಿರುಪು" ಎಂದು ನಾನು. ಕಡೆಗೆ ಅವನೇ ಸೋತ. ಈಗ ಎಲ್ಲ ಹಾಡೂ ಒಂದೇ ಶ್ರುತಿಯ ಮೇಲೆ. ಅದೇ ನಮ್ಮ ಮೇಳದ ಗುರುತು ಎಂದು ಈಗ ಅವನೇ ಎಲ್ಲರಿಗೂ ಹೇಳುತ್ತಾನೆ.

ಅವರಲ್ಲಿ ಕೊಲೊಮಿಯ್ಕಾ ಎಂದು ಒಂದು ಬಗೆಯಿದೆ. ಎರಡೆರಡು ಸಾಲಿನ ಚುಟುಕು ಪದ, ಓಡುವ ಕುಣಿತ, ಪಾದ್ರಿಯಿಂದ ಹಿಡಿದು ಗಂಡನವರೆಗೆ ಎಲ್ಲರಿಗೂ ಗೇಲಿ. ಲೆಸ್ಯಾ ಅದನ್ನು ಹೊಲದ ಆಚೆ ಬದಿಗೆ ಕೇಳಿಸುವ ಹಾಗೆ ಗಂಟಲು ಬಿಟ್ಟು ಹಾಡುತ್ತಾಳೆ. ಬೊಹ್ದಾನ್‌ಗೆ ಅದನ್ನು ಇನ್ನೂ ಓಡಿಸಬೇಕು, ನನಗೆ ಜಗ್ಗಿ ನಿಲ್ಲಿಸಬೇಕು.

ಒಂದು ಸಣ್ಣ ಹಾಲಿನಲ್ಲಿ ಮೊದಲ ಕಾರ್ಯಕ್ರಮವಾಯಿತು. ನಾನು ಕೂತೇ ನುಡಿಸಿದೆ. ಕೂತರೆ ಜನರಿಗೆ ಕಾಣುವುದಿಲ್ಲವೆಂದು ಒಂದು ಮಣೆ ಮಾಡಿ ಮೇಲೆ ಜಮಖಾನ ಹಾಸಿಕೊಟ್ಟರು. ಚಪ್ಪಲಿ ಬಿಟ್ಟಿದ್ದೆ. ನೆಲ ಸ್ವಲ್ಪ ಒದ್ದೆ ಇತ್ತು.

ನಿವ್ವಿ


ಧಾರವಾಡ, 1 ಮಾರ್ಚ್ 1999

ನಿವ್ವಿ,

ಚರ್ಚಿನಲ್ಲಿ ನೆಲ ಯಾಕೆ ಒದ್ದೆ? ತೀರ್ಥ ಚೆಲ್ಲಿದರೇನು?

ಮಣೆ ಹಾಕಿಕೊಟ್ಟವರು ಸಂಸ್ಕಾರವಂತರು. ಅವರ ತಾಯಿಗೆ ನನ್ನ ಶರಣು ತಿಳಿಸು. ಶ್ರುತಿಯ ವಿಷಯದಲ್ಲಿ ನೀನು ಬಗ್ಗದಿದ್ದುದು ಓದಿ ಪತ್ರವನ್ನು ಮತ್ತೊಂದು ಸಲ ಓದಿದೆ.

ನಿನ್ನ ಅಪ್ಪ, ನಮ್ಮ ಶಿವಪ್ಪಣ್ಣ, ಫೋನು ಮಾಡಿದ್ದ. ಮುಂದಿನ ವರ್ಷ ಮ್ಯಾಂಚೆಸ್ಟರಿನಲ್ಲಿ ಬಸವ ಜಯಂತಿಗೆ ನನ್ನದೊಂದು ಕಛೇರಿ ಇಡಿಸುತ್ತಾನಂತೆ. "ನೋಡೂಣು" ಅಂದೆ. ಅವನು ಅದನ್ನೇ ಹೂಂ ಎಂದು ತಿಳಿದು ಫೋನು ಇಟ್ಟ. ಚಿಕ್ಕಂದಿನಿಂದ ಅವನದು ಇದೇ ಬುದ್ಧಿ.

ದಾಕ್ಷಾಯಣಿ


ಲೀಡ್ಸ್, 20 ಜೂನ್ 1999

ಅತ್ತೆ,

ಅಮ್ಮ ನಿಮಗೆ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಅದು ಚರ್ಚಲ್ಲ, ಪಬ್ಬು. ಒದ್ದೆಯಾಗಿದ್ದುದು ಬಿಯರು. ಮಣೆ ಅಂದದ್ದು ಖಾಲಿ ಬಿಯರ್ ಕ್ರೇಟುಗಳನ್ನು ಜೋಡಿಸಿ ಮಾಡಿದ್ದು. ಡೋಲು ಅಂದದ್ದು ಪೂರ್ತಿ ಡ್ರಮ್ ಸೆಟ್ಟು, ಗಿಟಾರಿಗೆ ಕರೆಂಟು. ಇದಕ್ಕೆ ಇಲ್ಲಿ ಫೋಕ್ ರಾಕ್ ಅನ್ನುತ್ತಾರೆ. ನಾನು ಸುಳ್ಳು ಹೇಳಲಿಲ್ಲ, ನೀವು ಭಜನಾ ಮೇಳ ಎಂದುಕೊಂಡಾಗ ತಿದ್ದಲಿಲ್ಲ ಅಷ್ಟೇ.

ಸಿಕ್ಕಿಬಿದ್ದದ್ದು ಹೀಗೆ. ಶನಿವಾರ ನಮಗೆ ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಯಕ್ರಮ. ಮನೆಯಲ್ಲಿ ಪರೀಕ್ಷೆ ಎಂದಿದ್ದೆ. ಅದೇ ದಿನ ಅಪ್ಪ ಅಮ್ಮ ಆ ಊರಿನ ಹತ್ತಿರದ ಟಿವಿಡೇಲಿಗೆ ಹೊರಟಿದ್ದರು. ಅಲ್ಲಿ ಬಾಲಾಜಿ ಗುಡಿ ಕಟ್ಟುತ್ತಾರಂತೆ, ಅದರ ಸಭೆ. ಲಿಂಗ ಕಟ್ಟಿಕೊಂಡವರಿಗೆ ಬಾಲಾಜಿ ಸಭೆ ಯಾಕೆ ಎಂದು ಕೇಳಬೇಡಿ, ಇಲ್ಲಿ ಎಲ್ಲರ ದೇವರೂ ಎಲ್ಲರಿಗೂ ಬೇಕು. ಎಂ6 ಹೆದ್ದಾರಿಯಲ್ಲಿ ಪ್ರಯಾಣಿಕರು ತಂಗುವ ಸರ್ವಿಸಸ್‌ನಲ್ಲಿ ನಮ್ಮ ವ್ಯಾನ್ ನಿಂತಿತು. ಪಕ್ಕದಲ್ಲೇ ಅಪ್ಪನ ಕಾರು. ನಾನು ಮೇಳದವರ ಯುಕ್ರೇನಿ ಕಸೂತಿ ಅಂಗಿ ತೊಟ್ಟು, ಬಗಲಲ್ಲಿ ವಯಲಿನ್ ಹಿಡಿದು ನಿಂತಿದ್ದೆ.

ಅಪ್ಪ, "ಪರೀಕ್ಷಾ ಹೆಂಗಾತು?" ಅಂದರು. ನಾನು ವಯಲಿನ್ನನ್ನು ಬೆನ್ನ ಹಿಂದೆ ಸರಿಸಿದೆ. ಅಮ್ಮ ವ್ಯಾನಿನಿಂದ ಇಳಿದ ಮೂವರನ್ನೂ ನೋಡಿ, "ಮೊದಲ ಇವರು ಏನರ ತಿಂದಾರೋ ಇಲ್ಲೋ ಕೇಳ" ಎಂದು ಬುತ್ತಿ ಬಿಚ್ಚಿದರು. ಕಾರಿನ ಬಾನೆಟ್ಟಿನ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗ್ಯಾರಿ ಖಾರಕ್ಕೆ ಅತ್ತುಬಿಟ್ಟ. ಅಪ್ಪ ಹೊರಡುವಾಗ ಇಷ್ಟೇ ಹೇಳಿದ್ದು: "ದಾಕ್ಷಾಗ ನೀನ ಹೇಳು. ನಾ ಹೇಳಂಗಿಲ್ಲ."

ಇನ್ನೊಂದು ವಿಷಯ. ಪಾಠ ಮುಗಿದ ಮೇಲೆ ನೀವು ನುಡಿಸುತ್ತಿದ್ದಿರಲ್ಲ, ಆ ಭೈರವಿ ಧುನ್, ಅದನ್ನು ನಾನು ನುಡಿಸಿದ್ದು ಬೊಹ್ದಾನ್ ಕೇಳಿ, ಹಿಂದೆಯೇ ಒಂದು ಕೊಲೊಮಿಯ್ಕಾ ಹಚ್ಚಿದ. ಕೂಡಿತು. ಆದರೆ ನನ್ನ ಕೈಯಲ್ಲಿ ಅದು ಪೂರ್ತಿ ಬರುವುದಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ನುಡಿಸಿ ಕಳಿಸಿ. ಮತ್ತೆ ಬಸವ ಜಯಂತಿಗೆ ಖಂಡಿತ ಬನ್ನಿ. ಕೊಟ್ಟ ಮಾತಿದೆ.

ನಿವ್ವಿ


ಧಾರವಾಡ, 15 ಸೆಪ್ಟೆಂಬರ್ 1999

ನಿವೇದಿತಾ,

ಕ್ಯಾಸೆಟ್ ಕಳಿಸಿದ್ದೇನೆ.

ಬಿಯರ್ ಪೆಟ್ಟಿಗೆಯ ಮೇಲೆ ಕೂತು ನನ್ನ ಧುನ್ ನುಡಿಸುತ್ತೀಯ ಎಂದು ತಿಳಿದು ಏನು ಹೇಳಬೇಕೋ ಗೊತ್ತಾಗಲಿಲ್ಲ. ಅದಕ್ಕೇ ತಡವಾಯಿತು ಎಂದು ತಿಳಿದುಕೋ.

ಬಸವ ಜಯಂತಿಗೆ ಬರುವುದು ಆಗದು. ಮಕ್ಕಳ ಪರೀಕ್ಷೆ ಇರುತ್ತದೆ, ಆ ವಿಮಾನ, ಆ ವೀಸಾ, ನನಗೆ ಯಾವುದೂ ಬೇಡ. ಅಣ್ಣನಿಗೆ ನೀನೇ ಹೇಳು. ಯಾರಾದರೂ ಗಾಯಕರನ್ನು ಕರೆಸಲಿ.

ದಾಕ್ಷಾಯಣಿ


ಲೀಡ್ಸ್, 24 ಅಕ್ಟೋಬರ್ 1999

ಅತ್ತೆ,

ನಿಮ್ಮ ಪತ್ರ ಓದಿ, ಸಿಟ್ಟಿಗೇ ಬರುವುದಿಲ್ಲ ಅನ್ನುತ್ತಿದ್ದೀರಿ ಎಂದು ತಿಳಿದೆ. ಮೇಳ ಬಿಟ್ಟುಬಿಡುತ್ತೇನೆ ಎಂದು ಬೊಹ್ದಾನ್‌ಗೆ ಹೇಳಲು ಕ್ಲಬ್ಬಿಗೆ ಹೋದೆ. ಹೇಳುವ ಮೊದಲು ಒಂದು ಸಲ ಕೇಳಲಿ ಎಂದು ಕ್ಯಾಸೆಟ್ ಹಾಕಿದೆ.

ಧುನ್ ಶುರುವಾಗಿ ಸ್ವಲ್ಪ ಹೊತ್ತಿಗೆ ಲೆಸ್ಯಾಳ ಕಾಲು ಕುಣಿಯತೊಡಗಿತು. "ಹಿಂದೆ ಬಾರಿಸುತ್ತಿರುವವರು ಯಾರು?" ಎಂದಳು. ನಾನು ನಕ್ಕೆ. ಅದು ಕರಬಸಪ್ಪನ ಗಿರಣಿ, ಯಂತ್ರ ತಿರುಗಿಸುವ ಪಟ್ಟಿಯ ಹೊಲಿಗೆ ಪ್ರತಿ ಸುತ್ತಿಗೂ ಗಾಲಿಗೆ ಬಡಿದು ಟಪ್ ಎನ್ನುತ್ತದೆ ಎಂದೆ. ಅವಳು ನಗಲಿಲ್ಲ. ಅವಳ ಅಜ್ಜ ಉಣ್ಣೆ ಗಿರಣಿಯ ಸದ್ದಿಗೆ ಕಿವುಡನಾದವನಂತೆ. ಆಮೇಲೂ ಊಟಕ್ಕೆ ಕೂತಾಗ ಬೆರಳಲ್ಲಿ ಮೇಜಿನ ಮೇಲೆ ಮಗ್ಗದ ತಾಳ ಕುಟ್ಟುತ್ತಿದ್ದನಂತೆ. ಅವಳು ಹೋಗಿ ದೊಡ್ಡ ಡ್ರಮ್ಮಿನ ಹಿಂದೆ ಕೂತು ಕರಬಸಪ್ಪನ ಗಿರಣಿ ಬಾರಿಸಿದಳು. ಬೊಹ್ದಾನ್ ಕೊಲೊಮಿಯ್ಕಾ ಎತ್ತಿಕೊಂಡ. ಇಷ್ಟು ದಿನ ಓಡುತ್ತಲೇ ಇದ್ದ ಹಾಡಿಗೆ ನೆಲ ಸಿಕ್ಕಿತು. ಮೇಳಕ್ಕೂ ಅಲ್ಲೇ ಹೆಸರು ಬಿತ್ತು: ಮ್ಲಿನ್. ಅವರ ಭಾಷೆಯಲ್ಲಿ ಹಿಟ್ಟಿನ ಗಿರಣಿ ಎಂದರ್ಥ. ಬಿಡುತ್ತೇನೆ ಅನ್ನುವ ಮಾತು ನನ್ನ ಬಾಯಲ್ಲೇ ಉಳಿಯಿತು.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು, ಗಿರಣಿ ಮುಚ್ಚಿ ಎಷ್ಟೋ ವರ್ಷವಾಗಿದೆ ಎಂದು ನೀವೇ ಬರೆದಿದ್ದಿರಿ.

ಕೋಣೆಗೆ ಬಂದು ಮತ್ತೆ ಕೇಳಿದೆ. ನಿಮ್ಮ ವಯಲಿನ್ನಿನ ಹಿಂದೆ ಇನ್ನೊಂದು ವಯಲಿನ್ ಇದೆ. ಯಾವುದೋ ಮಗು ಸಾ ಎಳೆಯುತ್ತಿದೆ, ನಡುವೆ ಮೂಗು ಸೇದುತ್ತಿದೆ. ಅದು ನಾನು.

ಅತ್ತೆ, ಈಗಿನದನ್ನು ಬಿಟ್ಟು ಹಳೆಯದನ್ನು ಯಾಕೆ ಕಳಿಸಿದಿರಿ? ಮಕ್ಕಳಿಗೆ ಯಾಕೆ ಬಾಯಲ್ಲೇ ಪಾಠ? ನಿಮ್ಮ ಕೈಗೆ ಏನಾಗಿದೆ?

ನಿವ್ವಿ


ಧಾರವಾಡ, 10 ನವೆಂಬರ್ 1999

ಕಿವಿ ಚೆನ್ನಾಗಿದೆ ನಿನ್ನದು. ನಾನೇ ಕಲಿಸಿದ್ದು, ಯಾರನ್ನು ಬೈಯಲಿ.

ಎಡಗೈಯ ಕಡೆಯ ಎರಡು ಬೆರಳು ಜೋಮು ಹಿಡಿದು ಮೂರು ವರ್ಷ ಸಮೀಪಿಸಿತು. ಮೊದಲು ಬರುತ್ತ ಹೋಗುತ್ತ ಇತ್ತು, ಈಗ ಬಂದು ಕೂತಿದೆ. ತಂತಿಯ ಮೇಲೆ ಬೆರಳಿಟ್ಟರೆ ಇಟ್ಟದ್ದೇ ತಿಳಿಯುವುದಿಲ್ಲ. ವಯಲಿನ್ ಗೋಡೆಗೆ ತೂಗಿದೆ.

ಅಣ್ಣನಿಗೆ ಹೇಳಬೇಡ. ಅವನು ಡಾಕ್ಟರು, ನನ್ನನ್ನು ತಂಗಿ ಎಂದು ನೋಡುವುದು ಬಿಟ್ಟು ಪೇಶಂಟು ಎಂದು ನೋಡುತ್ತಾನೆ. ಊರಿಗೆಲ್ಲ ಗೊತ್ತಾಗುತ್ತದೆ. ಪಾಠಕ್ಕೆ ಬರುವ ಮಕ್ಕಳೂ ನಿಲ್ಲುತ್ತಾರೆ. ಹೇಳಿದರೆ ನಿನಗೆ ಅತ್ತೆಯೇ ಇಲ್ಲ ಎಂದು ತಿಳಿ.

ದಾಕ್ಷಾಯಣಿ


ಲೀಡ್ಸ್, 6 ಜನವರಿ 2000

ಅತ್ತೆ,

ಅಪ್ಪನಿಗೆ ಹೇಳಿದೆ.

ಕ್ರಿಸ್‌ಮಸ್ ರಜೆ ಪೂರ್ತಿ ಸ್ಟಾಕ್‌ಪೋರ್ಟಿನ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಾನು ಓದುತ್ತಿರುವುದೇ ಔಷಧಿ, ಸುಮ್ಮನಿದ್ದರೆ ಯಾವ ಮುಖ ಹೊತ್ತು ಓದಲಿ. ಅಪ್ಪ ಎದ್ದು ಹೋಗಿ ಕಾರು ತೊಳೆದರು, ಆ ಚಳಿಯಲ್ಲಿ. ಒಳಗೆ ಬಂದು, "ಆಕಿ ನನಗ ಯಾಕ ಹೇಳಲಿಲ್ಲ?" ಅಂದರು. ಹುಬ್ಬಳ್ಳಿಯ ಒಬ್ಬ ನರಗಳ ಡಾಕ್ಟರಿಗೆ ಫೋನು ಮಾಡಿದ್ದಾರೆ. ಹೋಗಿ ಬನ್ನಿ.

ಅತ್ತೆ ಇಲ್ಲ ಎಂದು ತಿಳಿ ಅಂದಿರಿ. ನಾನು ಹಾಗೆ ತಿಳಿಯುವುದಿಲ್ಲ. ನೀವು ಬೇಕಾದರೆ ತಿಳಿಯಿರಿ.

ನಿವ್ವಿ


ಲೀಡ್ಸ್, 21 ಮೇ 2000

ಅತ್ತೆ,

ಉತ್ತರವಿಲ್ಲ. ಫೋನು ಮಾಡಿದರೆ ಯಾವುದೋ ಶಿಷ್ಯೆ ಎತ್ತಿ "ಅಕ್ಕಾರು ಪಾಠದಾಗ ಅದಾರ" ಅನ್ನುತ್ತಾಳೆ. ಬೆಳಿಗ್ಗೆಯೂ ಪಾಠ, ಸಂಜೆಯೂ ಪಾಠ. ಬಸವ ಜಯಂತಿಯೂ ಮುಗಿಯಿತು. ನಿಮ್ಮ ಜಾಗಕ್ಕೆ ಅಪ್ಪ ಬೇರೆ ಯಾರನ್ನೂ ಕರೆಸಲಿಲ್ಲ.

ನೀವು ಹುಬ್ಬಳ್ಳಿಗೆ ಹೋಗಿ ಬಂದದ್ದು ಅಪ್ಪನಿಂದ ತಿಳಿಯಿತು. ಡಾಕ್ಟರು ಏನಂದರು ಎಂದು ಕೇಳಿದರೆ ಪೇಪರು ಮುಖಕ್ಕೆ ಹಿಡಿದುಕೊಳ್ಳುತ್ತಾರೆ.

ಈ ಪೊಟ್ಟಣದಲ್ಲಿ ಮ್ಲಿನ್ ಮೇಳದ ಮೊದಲ ಸಿಡಿ ಇದೆ. ಮೊದಲ ಹಾಡು ನಿಮ್ಮ ಕ್ಯಾಸೆಟ್ಟಿನಿಂದಲೇ ಶುರುವಾಗುತ್ತದೆ. ಗಿರಣಿ, ಮಗುವಿನ ಸಾ, ನಿಮ್ಮ ಭೈರವಿ, ಅದರ ಮೇಲೆ ಲೆಸ್ಯಾಳ ಡ್ರಮ್ಮು. ಕೇಳದೆ ಎಸೆದರೂ ನಾನು ಏನೂ ಅನ್ನುವುದಿಲ್ಲ.

ಒಂದೇ ತೊಂದರೆ. ಈಗ ಧುನ್ ನುಡಿಸುವುದು ನಾನು, ಹಾಗಾಗಿ ಹಿಂದೆ ಸಾ ಹಿಡಿಯಲು ಯಾರೂ ಇಲ್ಲ. ಬೊಹ್ದಾನ್ ಒಂದು ಕೀಬೋರ್ಡಿನ ಸಾ ಕೀಲಿಯನ್ನು ಒತ್ತಿ, ಹಾಗೇ ನಿಲ್ಲಲು ಟೇಪು ಅಂಟಿಸಿ ನೋಡಿದ. ಸ್ವರ ಸರಿ ಇದೆ, ಉಸಿರಿಲ್ಲ. ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ದೊಡ್ಡ ಕಾರ್ಯಕ್ರಮವಿದೆ, ಏನು ಮಾಡಬೇಕೋ ತಿಳಿಯದು. ಸುಮ್ಮನೆ ಹೇಳಿದೆ.

ನಿವ್ವಿ


ಧಾರವಾಡ, 9 ಜುಲೈ 2000

ನಿವ್ವಿ,

ಸುಮ್ಮನೆ ಹೇಳಿದಳಂತೆ. ನಿನ್ನ ಅಪ್ಪನ ಮಗಳು ನೀನು.

ಸಿಟ್ಟು ಇನ್ನೂ ಇಳಿದಿಲ್ಲ, ಮೊದಲು ಅದನ್ನು ತಿಳಿದುಕೋ. ಡಾಕ್ಟರು ಹೇಳಿದ್ದನ್ನೂ ಕೇಳಿಕೋ. ಮೊಣಕೈಯಲ್ಲಿ ನರ ಸಿಕ್ಕಿಕೊಂಡಿದೆಯಂತೆ. ಮೊದಲ ವರ್ಷವೇ ಬಂದಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಬಿಡಿಸಬಹುದಿತ್ತಂತೆ. ಈಗ ಬೆರಳು ಮರಳುವುದಿಲ್ಲ. ನಿನ್ನ ಅಪ್ಪ ಪೇಪರಿನ ಹಿಂದೆ ಅಡಗಿದ್ದು ಇದಕ್ಕೇ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಯಾರ ಮೇಲೆ ಸಿಟ್ಟಾಗಲಿ? ನೀನು ಹೇಳಿದೆ ಎಂದು ನಿನ್ನ ಮೇಲೆ ಆಗುವುದು ಸುಲಭವಿತ್ತು, ಆದೆ.

ಸಿಡಿಗೆ ನಮ್ಮಲ್ಲಿ ಯಂತ್ರವಿಲ್ಲ. ವಾದ್ಯದ ಅಂಗಡಿಯ ಜಯಣ್ಣನಲ್ಲಿ ಹಾಕಿಸಿ ಕೇಳಿದೆ. ಗದ್ದಲವೋ ಗದ್ದಲ. ಎರಡನೇ ಸಲ ಹಾಕಿಸಿದೆ. ಆ ಹುಡುಗಿ ಗಿರಣಿಯನ್ನು ಸರಿಯಾಗಿ ಹಿಡಿದಿದ್ದಾಳೆ. ಕರಬಸಪ್ಪನನ್ನು ಕರೆಸಿ ಕೇಳಿಸಿದೆ. "ಅಕ್ಕಾರ, ಪಟ್ಟಿ ಸಡಿಲಾಗೇತ್ರಿ, ಬಿಗೀಬೇಕು" ಅಂದ. ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು. ನಕ್ಕು ಎಷ್ಟು ದಿನವಾಗಿತ್ತೋ.

ಅಂದೇ ವಯಲಿನ್ ಇಳಿಸಿದೆ. ತಂತಿಗೆ ತುಕ್ಕು ಬಂದಿತ್ತು, ಜಯಣ್ಣ ಹೊಸದು ಕಟ್ಟಿದ. ನಿಂತು ನುಡಿಸುವವಳಾಗಿದ್ದರೆ ವಾದ್ಯ ಹಿಡಿಯಲೂ ಎಡಗೈ ಬೇಕಿತ್ತು. ಕೂತವಳಿಗೆ ಕಾಲ ಹರಡು ಸಾಕು. ಬಲಗೈ ನನ್ನದೇ ಇದೆ. ಕಮಾನಿಗೆ ರಾಳ ಹಚ್ಚಿ, ಬೆರಳಿಡಬೇಕಿಲ್ಲದ ಬಿಡಿ ತಂತಿಯ ಮೇಲೆ ಬರೀ ಸಾ ಎಳೆದೆ. ಮೊದಲ ದಿನ ನಡುಗಿತು. ಮೂವತ್ತು ವರ್ಷ ನುಡಿಸಿದವಳ ಸಾ ನಡುಗುತ್ತದೆ ಎಂದರೆ ನಾಚಿಕೆ. ಮಕ್ಕಳು ಪಾಠಕ್ಕೆ ಬಂದರು, ನೋಡಿದರು, ಕೈ ಹೀಗಾಗಿದೆ ಎಂದು ಅವರಿಗೆ ಹೇಳಿದೆ. ಯಾರೂ ಪಾಠ ಬಿಡಲಿಲ್ಲ. ಒಂದು ಹುಡುಗಿ ಮಾತ್ರ ಆಗಿನಿಂದ ನನ್ನ ಚಹದ ಲೋಟ ತಾನೇ ಹಿಡಿದುಕೊಂಡು ಬರುತ್ತಾಳೆ, ಬೈದರೂ ಬಿಡುವುದಿಲ್ಲ.

ಈಗ ಸಾ ನಡುಗುವುದಿಲ್ಲ. ಕ್ಯಾಸೆಟ್ ಇಟ್ಟಿದ್ದೇನೆ, ಕೇಳಿ ನೋಡು. ಎರಡೂ ಬದಿ ಅದೊಂದೇ. ಗಿರಣಿಯನ್ನು ಹುಡುಕಬೇಡ, ಹಿಂದೆ ಕೇಳುವುದು ಎಸ್‌ಟಿಡಿ ಬೂತಿನ ಗಂಟೆ. ಇದು ಈಗಿನದೇ ಎಂದು ನಿನಗೆ ಗೊತ್ತಾಗಲಿ ಎಂದೇ ಕಿಟಕಿ ತೆರೆದಿಟ್ಟೆ.

ಅಕ್ಟೋಬರಿಗೆ ಟಿಕೆಟು ತೆಗೆಸಲು ಅಣ್ಣನಿಗೆ ಹೇಳು. ಕೊಟ್ಟ ಮಾತಿದೆ ಎಂದು ಬರೆದೂ ಬರೆದೂ ಚುಚ್ಚಿದ್ದೀಯ. ಮುಂದೆ ನೀನು ಕೂರು. ನಿನ್ನ ಬೆನ್ನ ಹಿಂದೆ ನನಗೂ ಒಂದಿಷ್ಟು ಕ್ರೇಟು ಹಾಕಿಸು. ಗಟ್ಟಿಯಾಗಿರಲಿ, ತೊಳೆದಿರಲಿ. ಆ ಗ್ಯಾರಿಗೆ ಚಪ್ಪಲಿ ಹೊರಗೆ ಬಿಡಲು ಹೇಳು.

ಅಷ್ಟು ಹೊತ್ತು ಸಾ ಒಂದನ್ನೇ ಎಳೆಯುತ್ತ ಹಿಂದೆ ಕೂತರೆ ನನಗೂ ಬೇಸರ ಬರುತ್ತದೆ. ಬಂದಾಗ, ನೀನು ಅಂದು ಏನು ತೊಟ್ಟಿರುತ್ತೀಯೋ ಅದಕ್ಕೇ ಮೂಗು ಒರೆಸುತ್ತೇನೆ.

ನಿನ್ನ ಅತ್ತೆ